ಒಂದು ಸಾಲು ಕೆಳಗೆ

ಟೀಚರ್ ತನ್ನ ಚೀಲದಿಂದ ಕಂಪ್ಯೂಟರ್ ತೆಗೆದು ಅವನ ಮೇಜಿನ ಮೇಲೆ, ಟೀ ಲೋಟಕ್ಕೆ ಸರಿಯಾಗಿ ಎರಡು ಬೆರಳು ದೂರದಲ್ಲಿ ಇಟ್ಟಳು. ಕಣ್ಣು ಕಾಣದವಳು, ಎಲ್ಲಿ ಲೋಟಕ್ಕೆ ಕೈ ತಗುಲಿಸುತ್ತಾಳೋ ಎಂದು ಅವನು ಗಡಬಡಿಸಿ ಚಾಚಿದ ಕೈಯೇ ತಗುಲಿ ಟೀ ಪೂರ್ತಿ ಚೆಲ್ಲಿತು. ಅವಳು ಕಂಪ್ಯೂಟರನ್ನು ಅರ್ಧ ಅಡಿ ಪಕ್ಕಕ್ಕೆ ಸರಿಸಿಕೊಂಡು, 'ಪರವಾಗಿಲ್ಲ ಸರ್, ಕಣ್ಣಿರೋರ ಜೊತೆ ಓಡಾಡಿ ನಂಗೆ ಅಭ್ಯಾಸ ಆಗಿದೆ' ಎಂದಳು. ಮೇಜು ಒರೆಸಲು ಅವನಿಗೆ ಸಿಕ್ಕಿದ್ದು ಹಾಳಾದ ಬ್ರೈಲ್ ಹಾಳೆಗಳು ಮಾತ್ರ. ದಪ್ಪ ಕಾಗದ, ಮೈತುಂಬ ಚುಕ್ಕಿ, ಒಂದು ಹನಿಯನ್ನೂ ಹೀರುವುದಿಲ್ಲ. ಟೀಯನ್ನು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ತಳ್ಳುತ್ತ ಅವನು, ಇವಳು ಅವಳೇ ಇರಬೇಕು ಎಂದುಕೊಂಡ. ಮೂರು ವರ್ಷದ ಹಿಂದೆ ಮೂರು ಇಮೇಲ್ ಬರೆದವಳು. ನಾಲ್ಕನೆಯದು ಬಂದಿರಲಿಲ್ಲ. ಬರದೇ ಇದ್ದದ್ದಕ್ಕೆ ಅವತ್ತು ಅವನಿಗೆ ಸಮಾಧಾನವಾಗಿತ್ತು; ಆ ಸಮಾಧಾನ ನಿನ್ನೆಯದೋ ಎಂಬಷ್ಟು ಸ್ಪಷ್ಟವಾಗಿ ನೆನಪಾಗಿ ಈಗ ಕಿವಿ ಬಿಸಿಯಾಯಿತು.

ಆ ಪ್ರೆಸ್ಸಿನಲ್ಲಿ ಅವನನ್ನು ಎಲ್ಲರೂ ಚುಕ್ಕಿ ಇಂಜಿನಿಯರ್ ಎನ್ನುತ್ತಿದ್ದರು. ಕುರುಡರು ಬೆರಳಿನಿಂದ ಓದುವ ಪುಸ್ತಕಗಳನ್ನು ಅಚ್ಚು ಮಾಡುವ ಜಾಗ ಅದು. ಪಕ್ಕದ ಕೋಣೆಯಲ್ಲಿ ಯಂತ್ರ ಕಾಗದಕ್ಕೆ ಚುಕ್ಕಿ ಕುಟ್ಟುವ ಸದ್ದಿಗೆ ಅಲ್ಲಿದ್ದವರೆಲ್ಲ ಮಾತಾಡುವುದೇ ಜಗಳವಾಡುವವರ ಹಾಗೆ. ಮಾಮೂಲಿ ಬರಹವನ್ನು ಚುಕ್ಕಿಗಳಾಗಿ ಬದಲಾಯಿಸುವ ಪ್ರೋಗ್ರಾಮ್ ಅವನದೇ. ಎರಡು ವರ್ಷ ಕೂತು ಬರೆದು, ಯಾರು ಬೇಕಾದರೂ ಬಳಸಲಿ ಎಂದು ಅದರ ಮೂಲವನ್ನೇ ಇಂಟರ್ನೆಟ್ಟಿನಲ್ಲಿ ಇಟ್ಟುಬಿಟ್ಟಿದ್ದ. ಸಿದ್ಧಪಡಿಸಿದ ಪ್ರೋಗ್ರಾಮ್ ಅಲ್ಲಿರಲಿಲ್ಲ. ಬೇಕಾದವರು ಮೂಲ ಇಳಿಸಿಕೊಂಡು ತಮ್ಮ ತಮ್ಮ ಕಂಪ್ಯೂಟರಿನಲ್ಲಿ ತಾವೇ ಕಟ್ಟಿಕೊಳ್ಳಬೇಕು. ಅದಕ್ಕೊಂದು ಸೂಚನೆಯ ಪುಟ. ಆ ಪುಟವನ್ನು ಅವನು ಒಂದು ಭಾನುವಾರ ತಲೆಸ್ನಾನ ಮಾಡಿ ಕೂತು ಬರೆದಿದ್ದ. ಎರಡೇ ಎರಡು ಆಜ್ಞೆ, ಕೆಳಗೆ ಒಂದು ಸಾಲು: 'ಇನ್ನೇನೂ ಬೇಕಿಲ್ಲ.' ಬೇರೆಯವರ ಪ್ರೋಗ್ರಾಮುಗಳು ಅದು ಬೇಕು ಇದು ಬೇಕು ಎಂದು ಮದುವೆ ಸಾಮಾನಿನ ಪಟ್ಟಿ ಕೊಡುತ್ತಿದ್ದಾಗ ಇವನದು ಉಟ್ಟ ಬಟ್ಟೆಯಲ್ಲಿ ಬರುತ್ತಿತ್ತು. ಆ ಸಾಲನ್ನು ಹೆಂಡತಿಗೂ ಓದಿ ಹೇಳಿದ್ದ. ಅವಳು, 'ನೀವು ನಮ್ಮನ್ನ ನೋಡೋಕೆ ಬಂದಾಗ ನಿಮ್ಮಪ್ಪನೂ ಹೀಗೇ ಅಂದಿದ್ರು' ಎಂದಿದ್ದಳು.

'ವಿಷಯ ಇಷ್ಟು ಸರ್,' ಟೀಚರ್ ಹೇಳಿದಳು. ಅವಳದು ಒಂದೇ ಮಟ್ಟದ ದನಿ. ಬೋರ್ಡು ನೋಡದೆ ಗಣಿತ ಹೇಳಿಕೊಡುವವಳ ದನಿ. 'ಸೋಮವಾರ ನಮ್ಮ ಹನ್ನೊಂದು ಮಕ್ಕಳಿಗೆ ಪಬ್ಲಿಕ್ ಪರೀಕ್ಷೆ. ಗಣಿತ. ಪೇಪರ್ ಅಚ್ಚಾಗಿದ್ದು ನಿಮ್ಮಲ್ಲಿ, ಈಗ ಸೀಲಾಗಿ ಕೂತಿದೆ. ನಮ್ಮ ಪುಸ್ತಕ ಎಲ್ಲಾ ನಾವೇ ಶಾಲೇಲಿ ಅಚ್ಚು ಹಾಕ್ಕೊಳ್ಳೋದು, ನಿಮ್ಮ ಪ್ರೋಗ್ರಾಮ್‌ನಲ್ಲೇ. ನಿನ್ನೆ ನಿಮ್ಮಿಂದ ಮಾದರಿ ಪೇಪರ್ ಬಂತು. ಮಕ್ಕಳಿಗೆ ಓದೋಕಾಗ್ಲಿಲ್ಲ. ನಿಮ್ಮ ಅಂಕಿ ಎಲ್ಲಾ ಮೇಲಿನ ಸಾಲಲ್ಲಿದೆ, ನಮ್ಮ ಅಂಕಿ ಎಲ್ಲಾ ಒಂದು ಸಾಲು ಕೆಳಗಿದೆ.'

ಬ್ರೈಲ್ ಮನೆಯಲ್ಲಿ ಮೂರು ಸಾಲು, ಸಾಲಿಗೆರಡರಂತೆ ಆರು ಚುಕ್ಕಿ. ಅಂಕಿಗಳು ಕೂರಬೇಕಾದ್ದು ಮೇಲಿನ ಎರಡು ಸಾಲಿನಲ್ಲಿ, ಎ ಇಂದ ಜೆ ವರೆಗಿನ ಅಕ್ಷರಗಳ ಚುಕ್ಕಿಗಳನ್ನೇ ಹಂಚಿಕೊಂಡು. ಅವಳ ಶಾಲೆಯಲ್ಲಿ ಅವು ಮೂರು ವರ್ಷದಿಂದ ಒಂದೊಂದು ಮೆಟ್ಟಿಲು ಕೆಳಗಿಳಿದು ಕೂತಿವೆ, ಒಂದರಿಂದ ಸೊನ್ನೆಯವರೆಗೆ ಎಲ್ಲವೂ, ಶಿಸ್ತಾಗಿ.

'ನಾನು ಕೇಳಿದ್ದೆ ನಿಮ್ಮನ್ನ,' ಎಂದಳು.

'ನೆನಪಿದೆ,' ಎಂದ. ಇಲ್ಲ ಎಂದು ಹೇಳುವವನಿದ್ದ.

ಅವಳು ಒಂದು ಗುಂಡಿ ಒತ್ತಿದಳು. ಅವಳ ಕಂಪ್ಯೂಟರ್ ಪರದೆಯ ಮೇಲಿನದನ್ನೆಲ್ಲ ಓದಿ ಹೇಳುವಂಥದ್ದು. ಮೂಗಿನ ಗಂಡುದನಿಯಲ್ಲಿ, ಬಸ್ ನಿಲ್ದಾಣದ ಪ್ರಕಟಣೆಯ ಹಾಗೆ, ಅವನ ಮೂರು ವರ್ಷದ ಹಿಂದಿನ ಉತ್ತರ ಕೋಣೆಯ ತುಂಬ ಕೇಳಿಸಿತು: 'ಮಾನ್ಯರೇ, ನನ್ನ ಯಂತ್ರದಲ್ಲಿ ಸರಿಯಾಗಿ ಬರುತ್ತಿದೆ. ಸೂಚನೆಗಳನ್ನು ಇನ್ನೊಮ್ಮೆ ಗಮನವಿಟ್ಟು ಓದಿರಿ. ನಗುವ ಮುಖ.' ಆ ನಗುವ ಮುಖವನ್ನು ಅವನು ಸೌಜನ್ಯಕ್ಕೆಂದು ಹಾಕಿದ್ದ. ಬಾಗಿಲ ಬಳಿ ಕುರ್ಚಿಯಲ್ಲಿ ಕೂತು ಕರಡು ತಿದ್ದುತ್ತಿದ್ದ ಬೆರಳಜ್ಜ ತಿದ್ದುವುದನ್ನು ನಿಲ್ಲಿಸಿದ. ಹುಟ್ಟುಕುರುಡ, ನಲವತ್ತು ವರ್ಷದಿಂದ ಆ ಪ್ರೆಸ್ಸಿನ ಪ್ರತಿ ಹಾಳೆಯನ್ನೂ ಓದಿದವನು.

'ಗಮನವಿಟ್ಟು ಓದಿದೆ ಸರ್. ಹಳೇ ಕಾಲದಲ್ಲಿ ಗಣಿತಕ್ಕೆ ಕೆಳಗಿನ ಅಂಕಿ ಬಳಸ್ತಿದ್ರು, ನಾನು ಕಲಿತಿದ್ದೂ ಹಾಗೇ. ಪ್ರೆಸ್‌ನೋರೇ ಸರಿ ಅಂದ್ರಲ್ಲ, ಇದೇ ಮತ್ತೆ ಬಂದಿರಬೇಕು ಅಂತ ಮಕ್ಕಳಿಗೂ ಅದನ್ನೇ ಕಲಿಸ್ದೆ. ಚೆನ್ನಾಗಿ ಕಲಿತ್ರು. ಪರೀಕ್ಷೆ ಅರ್ಜಿಲಿ ಪೇಪರ್ ಓದಿ ಹೇಳೋಕೆ ಜನ ಬೇಕಾ ಅಂತ ಕೇಳಿದ್ರು. ಬೇಡ, ನಾವೇ ಓದ್ತೀವಿ ಅಂತ ಹನ್ನೊಂದು ಜನರ ಹತ್ರಾನೂ ಟಿಕ್ ಹಾಕಿಸ್ದೆ.' ಅವಳು ಮಡಚಿದ ಒಂದು ಫಾರಂ ತೆಗೆದು ಒದ್ದೆಯಿಲ್ಲದ ಜಾಗ ಹುಡುಕಿ ಇಟ್ಟಳು. 'ಈಗ ಜನ ಬೇಕು ಅಂದ್ರೆ ಇದನ್ನ ತುಂಬಬೇಕಂತೆ. ತಪ್ಪು ಮಕ್ಕಳದ್ದಲ್ಲ ಅಂತ ನೀವು ಬರೆದು ಸಹಿ ಹಾಕ್ಬೇಕು. ಕಾರಣ ಅನ್ನೋ ಜಾಗ ಖಾಲಿ ಇದ್ರೆ ತಗೊಳ್ಳಲ್ವಂತೆ. ಇವತ್ತು ಸಂಜೆ ಐದರೊಳಗೆ ತಲುಪಬೇಕು.'

'ಮಕ್ಕಳಿಗೆ ಹೇಳ್ಬಿಟ್ರೆ ಆಗಲ್ವಾ? ಅಂಕಿ ಒಂದು ಸಾಲು ಮೇಲಿರುತ್ತೆ ಅಂತ?'

ಬೆರಳಜ್ಜ ನಕ್ಕ. 'ತಲೆಗೆ ಹೇಳೋಕೆ ಒಂದು ನಿಮಿಷ ಸಾಕಪ್ಪ. ಬೆರಳಿಗೆ ಒಂದು ವರ್ಷ ಬೇಕು. ನಾಳೆಯಿಂದ ನೀನು ಎಡಗಾಲನ್ನ ಬಲಗಾಲು ಅಂದ್ಕೊಂಡು ನಡಿ ನೋಡೋಣ, ಮೆಟ್ಟಿಲ ಮೇಲೆ.'

ಕಾರಣ. ಅವನಿಗೆ ಕಾರಣ ಗೊತ್ತಿರಲಿಲ್ಲ. ಅವಳ ಕಂಪ್ಯೂಟರಿನಲ್ಲಿ ಇದ್ದದ್ದನ್ನೆಲ್ಲ ಅಳಿಸಿ, ತನ್ನದೇ ಸೂಚನೆಯ ಪುಟ ಮುಂದಿಟ್ಟುಕೊಂಡು ಮೊದಲಿನಿಂದ ಕಟ್ಟಲು ಕೂತ. ತಾನು ಬರೆದ ಸೂಚನೆಯನ್ನು ತಾನು ಪಾಲಿಸುತ್ತಿರುವುದು ಇದೇ ಮೊದಲು ಎಂಬುದು ಎರಡನೆಯ ಆಜ್ಞೆ ಟೈಪು ಮಾಡುವಾಗ ಹೊಳೆಯಿತು. ಅವನು ಒಂದೊಂದು ಸಾಲಿಗೆ ಕೈ ಹಾಕಿದಾಗಲೂ ಮೂಗಿನ ದನಿ ಅದನ್ನು ಗಟ್ಟಿಯಾಗಿ ಓದುತ್ತಿತ್ತು, 'ಇನ್ನೇನೂ ಬೇಕಿಲ್ಲ' ಎನ್ನುವುದನ್ನು ಎರಡು ಸಲ ಓದಿತು. ಎಲ್ಲೂ ದೋಷವಿಲ್ಲದೆ, ಗೊಣಗದೆ, ಮಾತಾಡದೆ ಪ್ರೋಗ್ರಾಮ್ ತಯಾರಾಯಿತು. ಎರಡೂ ಕಂಪ್ಯೂಟರಿನಿಂದ ಒಂದೊಂದು ಹಾಳೆ ಅಚ್ಚು ಹಾಕಿ ಬೆರಳಜ್ಜನ ಕೈಗೆ ಕೊಟ್ಟರೆ, ಎಡಗೈಯಲ್ಲಿ ಒಂದು ಬಲಗೈಯಲ್ಲಿ ಒಂದು ಹಾಳೆ ಸವರುತ್ತ ಅವನು, 'ಇದು ಮೇಲೆ, ಇದು ಕೆಳಗೆ' ಎಂದ. ಒಂದೇ ಮೂಲ, ಒಂದೇ ಆಜ್ಞೆ. ಮತ್ತೆ ಅಳಿಸಿ ಕಟ್ಟಿದ. 'ಮೇಲೆ, ಕೆಳಗೆ.' ಮೂರನೆಯ ಸಲ ಅಜ್ಜ ಹಾಳೆ ಮುಟ್ಟುವ ಮೊದಲೇ ಹೇಳಿದ.

ಮನೆಯ ಬಚ್ಚಲಿನ ಚಿಲಕ ಅವನಿಗೆ ನೆನಪಾಯಿತು. ಅದನ್ನು ಒಳಗಿನಿಂದ ತೆಗೆಯಬೇಕಾದರೆ ಬಾಗಿಲನ್ನು ಮಂಡಿಯಿಂದ ಸ್ವಲ್ಪ ಎತ್ತಿ, ಉಸಿರು ಬಿಗಿಹಿಡಿದು, ಎಡಕ್ಕೆ ತಿರುಗಿಸಬೇಕು. ಚಿಲಕ ಬದಲಾಯಿಸಿ ಎಂದು ಹೆಂಡತಿ ಹೇಳಿದಾಗಲೆಲ್ಲ, 'ನಂಗೆ ತೆಗೆಯೋಕೆ ಬರುತ್ತಲ್ಲ' ಎನ್ನುತ್ತಿದ್ದ. ಅತ್ತೆ ಬಂದಿದ್ದಾಗ ಒಳಗೆ ಸಿಕ್ಕಿಕೊಂಡು ನಲವತ್ತು ನಿಮಿಷ, ಎಲ್ಲ ದೇವರ ಹೆಸರೂ ಮುಗಿದ ಮೇಲೆ ಅಳಿಯನ ಹೆಸರು ಕರೆದಿದ್ದರು. ಹೊರಗೆ ನಿಂತ ಅವನು, 'ಮಂಡಿ ಅತ್ತೆ, ಮಂಡಿ!' ಎಂದು ಕೂಗಿದ್ದ. ಅವರಿಗೆ ಮಂಡಿನೋವು. ಬಾಗಿಲು ಒಡೆದು ತೆಗೆದಾಗ ಅವರು ನೇರವಾಗಿ ಬ್ಯಾಗು ತೆಗೆದುಕೊಂಡು ಹೊರಟರು. ಹೊಸ ಬಾಗಿಲಿಗೆ ಹಳೆಯ ಚಿಲಕವನ್ನೇ ಹಾಕಿಸಿದ್ದು ಯಾಕೆಂದು ಅವನಿಗೆ ಇವತ್ತಿಗೂ ಹೇಳಲು ಬರುವುದಿಲ್ಲ.

'ಸರ್,' ಟೀಚರ್ ಹೇಳಿದಳು, 'ಇದು ಇಷ್ಟು ಸದ್ದಿಲ್ಲದೆ ಯಾಕೆ ತಯಾರಾಗುತ್ತೆ? ಬೇರೆ ಎಲ್ಲಾ ಪ್ರೋಗ್ರಾಮ್ ಕಟ್ಟುವಾಗ ನನ್ನ ಮೆಷಿನ್ ಒಂದು ಗಂಟೆ ವಟಗುಟ್ಟುತ್ತೆ.'

ಮೊದಲು ಅದೂ ವಟಗುಟ್ಟುತ್ತಿತ್ತು. ಪ್ರೆಸ್ಸಿಗೆ ದೊಡ್ಡವರು ಯಾರೋ ಬಂದ ದಿನ, ಅವನು ಇಸ್ತ್ರಿ ಅಂಗಿ ಹಾಕಿ ಪರದೆಯ ಪಕ್ಕ ನಿಂತಿದ್ದಾಗ, ಎಚ್ಚರಿಕೆ ಎಚ್ಚರಿಕೆ ಎಂದು ಹಳದಿ ಸಾಲುಗಳು ಸರಸರ ಇಳಿದಿದ್ದವು. ಬಂದವರು, 'ಇದೇನು, ಏನೋ ಕೆಟ್ಟಿದೆಯಾ?' ಎಂದಿದ್ದರು. ನಕ್ಕಿದ್ದರು ಬೇರೆ. ಅವತ್ತೇ ಅವನು ಎಲ್ಲ ಎಚ್ಚರಿಕೆಗಳೂ ಬಾಯಿ ಮುಚ್ಚಿಕೊಂಡಿರಬೇಕು ಎಂದು ಒಂದು ಸಾಲು ಸೇರಿಸಿದ್ದ. ನೆಂಟರು ಬಂದಾಗ ಗಲಾಟೆ ಮಕ್ಕಳನ್ನು ಒಳಮನೆಗೆ ಕಳಿಸಿ ಅಗುಳಿ ಹಾಕುವ ಹಾಗೆ. ಈಗ ಆ ಸಾಲನ್ನು ಹುಡುಕಿ ಅಳಿಸಿ, ಅವಳ ಕಂಪ್ಯೂಟರಿನಲ್ಲಿ ಇನ್ನೊಂದು ಹಾಳೆ ಓಡಿಸಿದ. ಮೂಗಿನ ದನಿ ಶುರು ಮಾಡಿತು: 'ಎಚ್ಚರಿಕೆ. ಅಂಕಿಗಳ ಪಟ್ಟಿ ಸಿಗಲಿಲ್ಲ. ಬದಲಿ ಪಟ್ಟಿ ಬಳಸಲಾಗುತ್ತಿದೆ. ಎಚ್ಚರಿಕೆ. ಅಂಕಿಗಳ ಪಟ್ಟಿ ಸಿಗಲಿಲ್ಲ.' ಅಂಕಿ ಬಂದಲ್ಲೆಲ್ಲ ಹೇಳಿತು. ಹಾಳೆಯಲ್ಲಿ ಮೂವತ್ತೆಂಟು ಅಂಕಿಗಳಿದ್ದವು. ನಿಲ್ಲಿಸಲು ಅವನಿಗೆ ಕೈ ಬರಲಿಲ್ಲ. ಟೀಚರ್ ತಲೆ ಸ್ವಲ್ಪ ಓರೆ ಮಾಡಿ ಮೂವತ್ತೆಂಟನ್ನೂ ಕೇಳಿಸಿಕೊಂಡಳು.

'ಮೂರು ವರ್ಷದಿಂದ ಹೇಳ್ತಿತ್ತಾ ಇದು?'

'ಹೇಳೋಕೆ ಪ್ರಯತ್ನ ಮಾಡ್ತಿತ್ತು,' ಎಂದ.

ಹಾಗಾದರೆ ತನ್ನ ಯಂತ್ರಕ್ಕೆ ಆ ಪಟ್ಟಿ ಎಲ್ಲಿಂದ ಸಿಗುತ್ತಿದೆ? ಅವನು ಅದನ್ನು ಎಂದೂ ಬರೆದಿರಲಿಲ್ಲ; ಯಾರದೋ ಹಳೆಯ ತುಣುಕೊಂದನ್ನು ಪ್ರೋಗ್ರಾಮಿನೊಳಗೆ ಎತ್ತಿಕೊಂಡಿದ್ದ, ಪಟ್ಟಿ ಹುಡುಕುವುದೂ ಎಚ್ಚರಿಸುವುದೂ ಬದಲಿ ಕೊಡುವುದೂ ಅದರ ಕೆಲಸ. ಅಂಕಿಗಳ ಬಗ್ಗೆ ಅವನು ಯೋಚಿಸಿಯೇ ಇರಲಿಲ್ಲ. ಮೊದಲ ದಿನದಿಂದ ಸರಿಯಾಗಿ ಬಂದದ್ದನ್ನು ಯಾರು ಯೋಚಿಸುತ್ತಾರೆ? ಪ್ರೋಗ್ರಾಮ್ ಓಡುವಾಗ ಯಾವ ಯಾವ ಫೈಲಿನ ಬಾಗಿಲು ತಟ್ಟುತ್ತದೆ ಎಂದು ಪಟ್ಟಿ ಮಾಡಿಸಿದ. ನಾನೂರ ಹದಿನೇಳು ಬಾಗಿಲು. ಇನ್ನೇನೂ ಬೇಕಿಲ್ಲ ಎಂದು ಬರೆದವನು ಒಂದೊಂದಾಗಿ ನೋಡುತ್ತ ಹೋದ. ಯಾರ್‍ಯಾರದೋ ಅಕ್ಷರ, ಯಾರ್‍ಯಾರದೋ ಗಡಿಯಾರ, ಎಂದೋ ಹಾಕಿ ಮರೆತ ಏನೇನೋ. ತನ್ನ ಮನೆಯಲ್ಲಿ ತಾನೊಬ್ಬನೇ ಇದ್ದೇನೆಂದು ತಿಳಿದವನಿಗೆ ಅಟ್ಟದ ಮೇಲೆ ನಾನೂರು ಜನ ಕೂತು ಮಾತಿಲ್ಲದೆ ಕೆಲಸ ಮಾಡುತ್ತಿರುವುದು ಕಂಡಂತಾಯಿತು. ಊಟದ ಹೊತ್ತು ದಾಟಿತು. ಟೀಚರ್ ತಂದಿದ್ದ ಬಿಸ್ಕತ್ತಿನ ಪೊಟ್ಟಣ ಬಿಚ್ಚಿ ಅಜ್ಜನಿಗೊಂದು ಕೊಟ್ಟು, ಇವನ ಕಡೆಗೂ ಚಾಚಿದಳು. ಬೇಡ ಎಂದ. ಹಸಿದಿದ್ದ. ಇನ್ನೂರ ಎಂಬತ್ತನೆಯದೋ ಏನೋ, ಒಂದು ಫೈಲಿನ ಹೆಸರು 'ಮಹಡಿ' ಎಂದಿತ್ತು. ಏಳು ವರ್ಷ ಹಳೆಯದು, ಅವನ ಪ್ರೋಗ್ರಾಮಿನ ಮೊದಲ ಸಾಲಿಗಿಂತ ಒಂದು ತಿಂಗಳು ದೊಡ್ಡದು. ತೆರೆದರೆ ಒಳಗೆ ಅಂಕಿಗಳು, ಮೇಲಿನ ಸಾಲಿನಲ್ಲಿ, ಅಚ್ಚುಕಟ್ಟಾಗಿ.

ಏಳು ವರ್ಷದ ಹಿಂದೆ ಒಂದು ಮಧ್ಯಾಹ್ನ ಇದೇ ಕುರ್ಚಿಯಲ್ಲಿ ಬಾಮೈದ ಕೂತಿದ್ದ. ಹೆಂಡತಿಯ ತಮ್ಮ, ಲಿಫ್ಟಿನ ಬಟನ್ ಮಾರುವವನು. ಎಂಟು ಜನ ಕೂತ ಊಟದ ಮೇಜಿನಲ್ಲಿ ಲಿಫ್ಟಿನ ಬಟನ್ನಿನ ಬಗ್ಗೆ ಒಂದು ಗಂಟೆ ಮಾತಾಡಬಲ್ಲವನು. ಅವತ್ತು, 'ಭಾವ, ಅರ್ಧ ಗಂಟೆ ನಿಮ್ಮ ಕಂಪ್ಯೂಟರ್ ಕೊಡಿ' ಎಂದು ಬಂದಿದ್ದ. ಕೊಟ್ಟು, ಮೂಗು ಮುರಿದುಕೊಂಡು ಇವನು ಹೊರಗೆ ಹೋಗಿದ್ದ. ಆಮೇಲೆ ಮಾತು ಬಿಟ್ಟು ನಾಲ್ಕು ವರ್ಷ. ಜಗಳವೇನೂ ಇರಲಿಲ್ಲ. ಒಂದು ಗೃಹಪ್ರವೇಶದಲ್ಲಿ, ಎಲ್ಲರ ಎದುರಿಗೆ, ಇವನು 'ನಿನ್ನದು ಒತ್ತೋ ಕೆಲಸ, ನನ್ನದು ಬರೆಯೋ ಕೆಲಸ' ಎಂದಿದ್ದ, ತಮಾಷೆಗೆ. ಎಲ್ಲರೂ ನಕ್ಕಿದ್ದರು, ಬಾಮೈದನೂ.

ಫೋನನ್ನು ಬಾಮೈದ ಎರಡೇ ರಿಂಗಿಗೆ ಎತ್ತಿದ. 'ಓಹೋಹೋ! ಭಾವ! ಅಕ್ಕ ಹುಷಾರಾಗಿದ್ದಾಳಾ?'

'ಹುಷಾರಾಗಿದ್ದಾಳೆ. ನೀನು ಏಳು ವರ್ಷದ ಹಿಂದೆ ನನ್ನ ಕಂಪ್ಯೂಟರಿನಲ್ಲಿ ಏನೋ ಹಾಕಿದ್ಯಲ್ಲ...'

'ನಾನೇನೂ ಹಾಳು ಮಾಡಿಲ್ಲ ಭಾವ! ಅದು ನಮ್ಮ ಬಟನ್ ಸಾಫ್ಟ್‌ವೇರು. ಲಿಫ್ಟಿನ ಬಟನ್ ಪಕ್ಕ ಕುರುಡರಿಗೆ ಅಂತ ಚುಕ್ಕಿ ಇರುತ್ತಲ್ಲ, ಒಂದನೇ ಮಹಡಿ ಎರಡನೇ ಮಹಡಿ, ಅದನ್ನ ಕೆತ್ತೋದಕ್ಕೆ. ಸಂಜೆ ತೆಗೆದೂ ಹಾಕಿದ್ದೆನಲ್ಲ. ಯಾಕೆ, ಏನಾದ್ರೂ ಉಳ್ಕೊಂಡಿದೆಯಾ?'

'ಒಂದು ಫೈಲು ಉಳ್ಕೊಂಡಿದೆ.'

'ಅಯ್ಯೋ, ತೊಂದರೆ ಆಯ್ತಾ?'

'ಇಲ್ಲ,' ಎಂದ. ಟೀಚರ್ ಎದುರಿಗೇ ಕೂತಿದ್ದಳು. 'ಇಲ್ಲಿವರೆಗೆ ನಾವು ಅಚ್ಚು ಹಾಕಿದ ಅಂಕಿ ಎಲ್ಲಾ ಅದರದ್ದೇ.'

ನಗುತ್ತಾನೆ ಎಂದು ಇವನು ಕಾದ. ಬಾಮೈದ ಮೆಲ್ಲಗೆ, 'ನಮ್ಮ ಬಟನ್ನಾ ಭಾವ?' ಎಂದ. ಎಷ್ಟು ಸಂತೋಷವಾಗಿತ್ತೆಂದರೆ ಅವನಿಗೆ ನಗುವುದೂ ಮರೆತಿತ್ತು. 'ಆದ್ರೆ ಅದ್ರಲ್ಲಿ ಬರೀ ಅಂಕಿ ಇಲ್ಲ, ನೋಡ್ಕೊಳ್ಳಿ. ಬಾಗಿಲು ತೆರೆ, ಬಾಗಿಲು ಮುಚ್ಚು, ಅದಕ್ಕೂ ನಮ್ಮದೇ ಗುರುತಿದೆ. ಎರಡು ಬಾಣ ಇರುತ್ತಲ್ಲ, ಆ ಕಡೆ ಈ ಕಡೆ.'

ಫೋನಿಟ್ಟ ಮೇಲೆ ಆ ಎರಡು ಗುರುತನ್ನು ಅಚ್ಚು ಹಾಕಿ ಅಜ್ಜನ ಕೈಗೆ ಕೊಟ್ಟ. ಅಜ್ಜ ಮುಟ್ಟಿದ ಕೂಡಲೇ, 'ಗೊತ್ತು ಇದು' ಎಂದ. 'ಗಣಿತದ ಪುಸ್ತಕದಲ್ಲಿ ಬರ್ತಾ ಇರುತ್ತೆ. ಇದಕ್ಕಿಂತ ಅದು ದೊಡ್ಡದು, ಅದಕ್ಕಿಂತ ಇದು ಚಿಕ್ಕದು ಅಂತ ಬರೆಯೋ ಕಡೆ.'

'ಇದು ಬಾಗಿಲು ತೆರೆ ಅಂತ, ಅಜ್ಜ. ಇದು ಬಾಗಿಲು ಮುಚ್ಚು.'

'ಹೌದಾ?' ಅಜ್ಜ ಇನ್ನೊಮ್ಮೆ ಸವರಿದ. 'ನಾನು ಹೊಸ ಪಠ್ಯಕ್ರಮ ಅಂದ್ಕೊಂಡಿದ್ದೆ. ನೀನು ಇಂಜಿನಿಯರು, ನಿಂಗೆ ಗೊತ್ತಿರುತ್ತೆ ಅಂತ ಸುಮ್ಮನಾದೆ.'

ಅಜ್ಜನಿಗೆ ಗೊತ್ತಿರುತ್ತದೆ, ತಪ್ಪಿದ್ದರೆ ಹಿಡಿಯುತ್ತಾನೆ ಎಂದು ತಾನು ಸುಮ್ಮನಿದ್ದುದನ್ನು ಅವನು ಹೇಳಲಿಲ್ಲ. ನಾಲ್ಕು ಗಂಟೆಯಾಗಿತ್ತು. ಫಾರಂ ಎಳೆದುಕೊಂಡು, ಮೊದಲು ಅವಳ ಕಂಪ್ಯೂಟರಿನಲ್ಲಿ ಟೈಪು ಮಾಡಿ ಟೀಚರಿಗೆ ಕೇಳಿಸೋಣವೆಂದು ಬರೆದ. ಮೂಗಿನ ದನಿ ಓದಿತು: 'ತಾಂತ್ರಿಕ ಅವಲಂಬನೆಯೊಂದು ಸೂಚನೆಗಳಲ್ಲಿ ನಮೂದಾಗದೆ ಉಳಿದ ಕಾರಣ ಅಂಕಿಗಳ ಸ್ಥಾನದಲ್ಲಿ ವ್ಯತ್ಯಾಸ ಉಂಟಾಗಿರುವುದು ಕಂಡುಬಂದಿದೆ.'

'ಚೆನ್ನಾಗಿದೆ,' ಟೀಚರ್ ಹೇಳಿದಳು. 'ಆದ್ರೆ ಇದರಲ್ಲಿ ಯಾರೂ ಇಲ್ವಲ್ಲ ಸರ್.'

ಅಳಿಸಿದ. ಮತ್ತೆ ಬರೆದ, ಅಳಿಸಿದ. ಬರೆದು ಅಳಿಸುವಾಗಲೂ ಅದು ಓದುತ್ತಿತ್ತು, ಅಕ್ಷರ ಅಕ್ಷರವಾಗಿ, ಹಿಂದಿನಿಂದ ಮುಂದಕ್ಕೆ. ಕೊನೆಗೆ ಬರೆದದ್ದು ಹೀಗಿತ್ತು: ನನ್ನ ಪ್ರೋಗ್ರಾಮಿಗೆ ಬೇಕಾದ ಅಂಕಿಗಳ ಪಟ್ಟಿ ನನ್ನ ಕಂಪ್ಯೂಟರಿನಲ್ಲಿ ಆಕಸ್ಮಿಕವಾಗಿ ಇತ್ತು. ಅದು ಲಿಫ್ಟ್ ಬಟನ್ ಮಾಡುವ ಸಾಫ್ಟ್‌ವೇರಿನದು. ಬೇರೆಯವರಲ್ಲಿ ಅದು ಇರುವುದಿಲ್ಲವೆಂದು ನನಗೆ ಗೊತ್ತಿರಲಿಲ್ಲ. ಶಿಕ್ಷಕಿ ಕೇಳಿದಾಗ ನಾನು ನೋಡಲಿಲ್ಲ. ಓದಿ ಮುಗಿದ ಮೇಲೆ ಅವಳು ತಲೆಯಾಡಿಸಿದಳು. ಕೈಬರಹದಲ್ಲಿ ಫಾರಂ ತುಂಬಿ, ಸಹಿ ಹಾಕಿ, ಫೋಟೋ ತೆಗೆದು ಪರೀಕ್ಷಾ ಕಚೇರಿಗೆ ಕಳಿಸಿ ಫೋನು ಮಾಡಿದಾಗ ನಾಲ್ಕು ನಲವತ್ತು. ಗುಮಾಸ್ತ ಓದಿ, 'ಲಿಫ್ಟಾ?' ಎಂದ. ಇನ್ನೊಮ್ಮೆ ಓದಿದ. 'ಸರಿ, ಬಂದಿದೆ. ಸಾಹೇಬ್ರು ರಜಾದಲ್ಲಿದ್ದಾರೆ. ಸೋಮವಾರ ಬೆಳಿಗ್ಗೆ ಬರ್ತಾರೆ, ನೋಡೋಣ.'

'ಪರೀಕ್ಷೆ ಸೋಮವಾರ ಬೆಳಿಗ್ಗೆ.'

'ಅದಕ್ಕೇ ಬೆಳಿಗ್ಗೇನೇ ನೋಡೋಣ ಅಂದಿದ್ದು,' ಎಂದು ಗುಮಾಸ್ತ ಇಟ್ಟ.

ಟೀಚರ್ ಕಂಪ್ಯೂಟರ್ ಮಡಚಿ ಚೀಲಕ್ಕೆ ಹಾಕಿದಳು. ಅವಳು ಏನಾದರೂ ಅನ್ನಲಿ ಎಂದು ಅವನಿಗೆ ಅನಿಸಿತು. ಅವಳು ಹಾಸ್ಟೆಲಿಗೆ ಫೋನು ಮಾಡಿ, ಸ್ಪೀಕರಿಗೆ ಹಾಕಿ, ಅವನ ಮುಂದೆ ಇಟ್ಟಳು. 'ನೀವೇ ಹೇಳಿ. ನಾನು ಹೇಳಿದ್ರೆ ನಂಬಲ್ಲ. ಅವರಿಗೆ ನಾನು ಮೂರು ವರ್ಷದಿಂದ ಹೇಳಿರೋದು ಬೇರೆ.'

ಹನ್ನೊಂದು ಜನರೂ ಅಲ್ಲಿದ್ದರು. ನಮಸ್ತೆ ಸರ್ ಎಂಬುದೇ ಒಂದು ಗೋಡೆಯ ಹಾಗೆ ಬಂತು. ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ ಅವನು, ಮಾದರಿ ಪೇಪರ್ ಹತ್ತಿರ ಇದೆಯಾ, ಮೊದಲನೇ ಪ್ರಶ್ನೆ ಓದಿ ಎಂದ. ಅದು ಅವನಿಗೆ ಬಾಯಿಪಾಠವಿತ್ತು: ಒಂದು ತೊಟ್ಟಿಯಲ್ಲಿ ಹನ್ನೆರಡು ಸಾವಿರದ ಐನೂರು ಲೀಟರ್ ನೀರಿದೆ. ಹನ್ನೆರಡು, ಕಾಮಾ, ಐನೂರು. ಹಾಳೆಯ ಮೇಲೆ ಬೆರಳುಗಳು ಓಡುವ ಸರಸರ ಸದ್ದು ಕೇಳಿಸಿತು. ಎಲ್ಲೂ ಎಡವದೆ, ಒಂದೇ ವೇಗದಲ್ಲಿ, ಹನ್ನೊಂದು ದನಿಗಳು ಒಟ್ಟಿಗೆ ಓದಿದವು: 'ಒಂದು ತೊಟ್ಟಿಯಲ್ಲಿ ಎ ಬಿ ಒಂದು ಇ ಜೆ ಜೆ ಲೀಟರ್ ನೀರಿದೆ.'

'ಎಷ್ಟು ಚೆನ್ನಾಗಿ ಓದ್ತಾವೆ,' ಎಂದ ಬೆರಳಜ್ಜ, ಮೆಲ್ಲಗೆ.

'ಸರ್,' ಒಂದು ಹುಡುಗಿಯ ದನಿ ಮುಂದೆ ಬಂತು. 'ಇದು ಬೀಜಗಣಿತ ಅಂತ ನಾವು ನಿನ್ನೆ ರಾತ್ರಿ ಎಲ್ಲಾ ಮಾಡಿದ್ವಿ. ಆದ್ರೆ ಎ ಎಷ್ಟು ಅಂತ ಎಲ್ಲೂ ಕೊಟ್ಟಿಲ್ಲ. ಮೇಲೂ ನೋಡಿದ್ವಿ, ಕೊನೇ ಪುಟದಲ್ಲೂ ನೋಡಿದ್ವಿ.'

'ಎ ಅಂದ್ರೆ ಒಂದು,' ಎಂದ ಅವನು. ತನ್ನ ದನಿ ತನಗೇ ದೂರದಿಂದ ಕೇಳಿಸಿತು. 'ಬಿ ಎರಡು. ಇ ಐದು. ಜೆ ಅಂದ್ರೆ ಸೊನ್ನೆ.'

ಆ ಕಡೆ ಪಿಸುಮಾತು ಎದ್ದು ಅಡಗಿತು. 'ಹಾಗಾದ್ರೆ ಸರ್, ಮಧ್ಯದಲ್ಲಿ ಒಂದು ಇದೆಯಲ್ಲ? ಅದು ಏನು?'

ಅದು ಕಾಮಾ; ಕಾಮಾದ ಒಂಟಿ ಚುಕ್ಕಿಯೂ ಒಂದು ಮೆಟ್ಟಿಲು ಕೆಳಗಿಳಿದ ಒಂದೂ ಬೆರಳಿಗೆ ಒಂದೇ. ಅವನು ಟೀಚರ್ ಕಡೆ ನೋಡಿದ. ಅವಳ ಮುಖ ಕಿಟಕಿಯ ಕಡೆಗಿತ್ತು.

'ಅದು ಏನೂ ಅಲ್ಲಮ್ಮ,' ಎಂದ. 'ಅದನ್ನ ಬಿಟ್ಟುಬಿಡಿ.'

ಫೋನಿನೊಳಗಿಂದ, ಏನೂ ಅಲ್ಲದ ಆ ಚುಕ್ಕಿಯ ಮೇಲೆ ಬೆರಳುಗಳು ಮತ್ತೆ ಮತ್ತೆ ಹೋಗಿ ಬರುವ ಸದ್ದು ಮಾತ್ರ ಕೇಳಿಸುತ್ತಿತ್ತು.